ಕಂಬಳಿ ನುಂಗಿದ ದನಿ

“ವದ್ದು ರಾ ದಾದಾಪೀರ್! ವದ್ದು!”

ಹಿಂದೆಯೇ ಧಡ್ ಎಂಬ ಸದ್ದು. ಆಮೇಲೆ ಬರೀ ಸುರ್ರೆನ್ನುವ ಖಾಲಿ ಕ್ಯಾಸೆಟ್ಟು.

ಹೆಡ್ ಕಾನ್‌ಸ್ಟೇಬಲ್ ಹುಲಿಯಪ್ಪ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ಮತ್ತೆ ಹಿಂದಕ್ಕೆ ತಿರುಗಿಸಿದ. ಮಂಗಳವಾರ ಬೆಳಿಗ್ಗೆ ಎಂಟರಿಂದ ಇದು ಹನ್ನೊಂದನೆಯ ಸಲ. ಸ್ಟೇಷನ್ನಿನ ಉಳಿದವರು ಎರಡೇ ಸಲ ಕೇಳಿ, “ಇನ್ನೇನು ಬೇಕು ಸಾಕ್ಷಿ?” ಎಂದು ಎದ್ದುಹೋಗಿದ್ದರು.

ಶನಿವಾರ ಸಂಜೆ ನಾಲ್ಕಕ್ಕೆ ಚಳ್ಳಕೆರೆಯ ಚರ್ಚಿನೊಳಗೆ, ಹಾಡುಗಾರರ ಅಟ್ಟಕ್ಕೆ ಹತ್ತುವ ಮೆಟ್ಟಿಲ ಬುಡದಲ್ಲಿ, ಅಲ್ಲೇ ಹಾಡು ಕಲಿಸುತ್ತಿದ್ದ ಯರ್ರಪ್ಪ ಮೇಷ್ಟ್ರು ತಲೆಯೊಡೆದು ಸತ್ತು ಬಿದ್ದಿದ್ದರು. ಮೊಳಕಾಲ್ಮೂರಿನ ಕಡೆಯವರು, ಗಾಬರಿಯಾದರೆ ಬಾಯಿಗೆ ಬರುವುದು ತೆಲುಗು. ವದ್ದು ಅಂದರೆ ಬೇಡ. ಬೇಡ ಬೇಡ ಎಂದರೂ ಕೇಳದೆ ಮೈಕ್ ಸೆಟ್ ಹಾಕಲು ಬಂದಿದ್ದ ದಾದಾಪೀರ್ ಮುದುಕನನ್ನು ನೂಕಿದ ಎಂದು ಊರೆಲ್ಲ ತೀರ್ಪು ಕೊಟ್ಟಾಗಿತ್ತು.

ಕ್ಯಾಸೆಟ್ಟನ್ನು ತಂದುಕೊಟ್ಟವನು ಚರ್ಚಿನ ಕಾರ್ಯದರ್ಶಿ ಪ್ರದೀಪ್. “ಸೋಮವಾರ ಕಸ ಹೊಡೆಸುವಾಗ ನೋಡಿದೆ ಸಾರ್, ರೆಕಾರ್ಡರಿನಲ್ಲೇ ಉಳಿದುಬಿಟ್ಟಿತ್ತು,” ಎಂದಿದ್ದ. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಮೇಷ್ಟ್ರ ಮುದ್ದಾದ ಅಕ್ಷರದಲ್ಲೇ ‘ಶನಿವಾರ’ ಎಂದಿತ್ತು. ಸೋಮವಾರ ಸಂಜೆ ಐದಕ್ಕೆ ದಾದಾಪೀರ್ ಲಾಕಪ್ಪಿಗೆ ಬಂದ. ಇವತ್ತು ಸಂಜೆ ಐದರೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕೊಲೆ ಕೇಸು. ಅಲ್ಲಿಂದ ಸೀದಾ ಚಿತ್ರದುರ್ಗದ ಜೈಲು, ಆಮೇಲೆ ಎಷ್ಟು ವರ್ಷವೋ ದೇವರೇ ಬಲ್ಲ.

ಹುಲಿಯಪ್ಪ ಹನ್ನೊಂದು ಸಲ ಕೇಳಿದ್ದು ಅನುಮಾನದಿಂದಲ್ಲ. ಮಾತು ಅವನಿಗೆ ಸರಿಯಾಗಿ ತಿಳಿಯುತ್ತಲೇ ಇರಲಿಲ್ಲ.

ಹತ್ತು ವರ್ಷದ ಹಿಂದೆ ಪರಶುರಾಂಪುರದ ಬಂದೋಬಸ್ತಿನಲ್ಲಿ ಗರ್ನಾಲು ಪಟಾಕಿ ಕಿವಿಯ ಪಕ್ಕದಲ್ಲೇ ಸಿಡಿದು ಅವನ ಎಡಗಿವಿ ಸತ್ತುಹೋಗಿತ್ತು. ಇಲಾಖೆಗೆ ಇದು ಗೊತ್ತಿಲ್ಲ. ಗೊತ್ತಾದರೆ ಮೆಡಿಕಲ್ ಬೋರ್ಡು, ಕೆಲಸಕ್ಕೆ ಸಂಚಕಾರ. ನಿವೃತ್ತಿಗೆ ಇನ್ನು ಒಂಬತ್ತೇ ತಿಂಗಳು. ಅಲ್ಲಿಯವರೆಗೆ ತೇಲಿಸಿಬಿಡೋಣ ಎಂದು ಅವನು ಒಂದು ಉಪಾಯ ರೂಢಿಸಿಕೊಂಡಿದ್ದ: ಎಡಗಡೆಯಿಂದ ಯಾರು ಏನೇ ಅಂದರೂ ಗಂಭೀರವಾಗಿ ತಲೆಯಾಡಿಸಿಬಿಡುವುದು. ನೂರಕ್ಕೆ ತೊಂಬತ್ತು ಸಲ ಅದರಿಂದ ಕೆಲಸ ಸಾಗುತ್ತಿತ್ತು. ಉಳಿದ ಹತ್ತು ಸಲ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದ, ಅಷ್ಟೆ.

ಬಾಗಿಲಲ್ಲಿ ಗಜಿಬಿಜಿಯಾಯಿತು. ಹುಲಿಯಪ್ಪ ಎದ್ದು ಬಂದ. ಹೇಳಿಕೆಗೆ ಸಹಿ ಹಾಕಲು ಬಂದಿದ್ದ ಚರ್ಚಿನವರು ಹತ್ತು ಹನ್ನೆರಡು ಜನ, ಅವರ ನಡುವೆ ದಾದಾಪೀರನ ಹೆಂಡತಿ ಕುಲ್ಸುಮ್ ಬೀ. ಒಂದು ಕೈಯಲ್ಲಿ ಟಿಫಿನ್ ಡಬ್ಬಿ, ಇನ್ನೊಂದು ತೋಳಿನ ಮೇಲೆ ಮಡಿಸಿದ ಕರಿ ಕಂಬಳಿ.

“ಸಾಹೇಬ್, ಜನವರಿ ಚಳಿ. ರಾತ್ರಿಯೆಲ್ಲ ಬರೀ ಸಿಮೆಂಟ್ ಮ್ಯಾಲೆ ಮಲಗವ್ರೆ. ಒಳಗೆ ಬಿಡ್ರಿ ಸಾಹೇಬ್,” ಎಂದಳು. ಅತ್ತೂ ಅತ್ತೂ ಅವಳ ದನಿ ಕುಸಿದಿತ್ತು.

ಎಡಗಡೆ ನಿಂತಿದ್ದ ಯಾರೋ ಏನೋ ಅಂದರು. ಹುಲಿಯಪ್ಪ ಅತ್ತ ತಿರುಗದೆಯೇ ತಲೆಯಾಡಿಸಿದ. ಪೇದೆ ಡಬ್ಬಿಯನ್ನು ಬಿಚ್ಚಿ ನೋಡಿ, ಕಂಬಳಿಯನ್ನು ಎರಡು ಸಲ ಕೊಡವಿ, ಎರಡನ್ನೂ ಲಾಕಪ್ಪಿನೊಳಕ್ಕೆ ಕೊಟ್ಟ.

ಕರಿ ಕಂಬಳಿ. ಅದನ್ನು ನೋಡಿದ ಕೂಡಲೇ ಹುಲಿಯಪ್ಪನ ತಲೆಯಲ್ಲಿ ಏನೋ ಹೊಳೆದು, ಅವನು ಓಡುತ್ತಲೇ ಟೇಪ್ ರೆಕಾರ್ಡರಿನ ಬಳಿಗೆ ವಾಪಸ್ ಬಂದ.

ಹನ್ನೆರಡನೆಯ ಸಲ ಕೇಳಿದ.

“ವದ್ದು ರಾ ದಾದಾಪೀರ್...” ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು, ಎಲ್ಲ ಸೇರಿ ಅಂಬಲಿಯಾಗಿತ್ತು. ಗೋಡೆಗೆ ಬಡಿದು ವಾಪಸ್ ಬಂದ ದನಿ ಅದು.

ಎರಡು ಕಿವಿ ಇರುವವರಿಗೆ ಇದು ಗೊತ್ತಾಗುವುದಿಲ್ಲ. ಯಾವುದು ಮಾತು, ಯಾವುದು ಗೋಡೆಯ ಕಿತಾಪತಿ ಎಂದು ಎರಡು ಕಿವಿ ಸೇರಿ ಸೋಸಿಕೊಂಡುಬಿಡುತ್ತವೆ. ಒಂಟಿ ಕಿವಿಯವನಿಗೆ ಆ ಸೌಭಾಗ್ಯವಿಲ್ಲ. ಮದುವೆ ಛತ್ರ, ಕೋರ್ಟಿನ ಹಾಲ್, ಎತ್ತರದ ಸೂರಿರುವ ಕಡೆ ಎಲ್ಲಿಗೆ ಹೋದರೂ ಹುಲಿಯಪ್ಪನಿಗೆ ಬರೀ ಗದ್ದಲ.

ಆದರೆ ಶನಿವಾರ ಮಧ್ಯಾಹ್ನ ಅದೇ ಚರ್ಚಿನಲ್ಲಿ ದಾದಾಪೀರನ ಸೆಟ್ ಹಾಕಿದಾಗ ಅವನಿಗೆ ಪ್ರತಿಯೊಂದು ಮಾತೂ ಕಡ್ಲೆಬೀಜ ಬಿಡಿಸಿ ಕೈಗಿಟ್ಟಂತೆ ಕೇಳಿತ್ತು! ಮೈಕ್ ಪರವಾನಗಿ ನೋಡಲು ಹೋದವನು, ಕೆಲಸ ಮುಗಿದ ಮೇಲೂ ಆ ಖುಷಿಗೇ ಒಂದು ಗಂಟೆ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಅವತ್ತು ಚರ್ಚಿನ ಗೋಡೆಯ ತುಂಬ ಕಂಬಳಿ ತೂಗುಹಾಕಿದ್ದರು.

ಹುಲಿಯಪ್ಪ ಲಾಕಪ್ಪಿನ ಸರಳಿನ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂತು, ಬಲಗಿವಿಯನ್ನು ಒಳಕ್ಕೆ ಕೊಟ್ಟ.

“ಲೇ ದಾದಾಪೀರ್, ನಿಜ ಹೇಳು. ಈ ವದ್ದು ಅನ್ನೋ ಮಾತು ಮೇಷ್ಟ್ರು ಯಾವತ್ತು ಅಂದ್ರು?”

ಕಂಬಳಿ ಹೊದ್ದು ಮೂಲೆಯಲ್ಲಿ ಮುದುಡಿದ್ದ ದಾದಾಪೀರ್ ತಲೆಯೆತ್ತಿದ. ಐವತ್ತರ ಆಸುಪಾಸು, ಬೆರಳ ತುದಿಗಳಲ್ಲಿ ಬೆಸುಗೆ ಕಡ್ಡಿ ಸುಟ್ಟ ಕಲೆಗಳು.

“ಗುರುವಾರ ಸಾಹೇಬ್. ಖುದಾ ಕಸಂ ಗುರುವಾರ. ನನ್ನ ಸೆಟ್ ಒಂದನ್ನೇ ಮೊದ್ಲು ಹಾಕಿ ನೋಡಿದ ದಿನ. ಮೇಷ್ಟ್ರು ಅವತ್ತೂ ಟೇಪ್ ಮಾಡ್ತಾ ಇದ್ರು. ಏಣಿ ಹತ್ತಿ ಒಂದೇ ಕೈಯಾಗೆ ಸ್ಪೀಕರ್ ಪೆಟ್ಗೆ ಕೊಕ್ಕೆಗೆ ಸಿಕ್ಕಿಸ್ತಾ ಇದ್ದೆ. ಮೇಷ್ಟ್ರು ಬೇಡ ಬೇಡ ಅಂದ್ರು. ಪೆಟ್ಗೆ ಜಾರಿ ಧಡ್ ಅಂತ ಬಿತ್ತು. ಯಾರಿಗೂ ಏನೂ ಆಗ್ಲಿಲ್ಲ. ಆ ಪೆಟ್ಗೆ ಮೂಲೆ ಒಡೆದಿರೋದು ಈಗ್ಲೂ ನನ್ನ ಅಂಗಡಿಯಾಗೇ ಐತೆ.”

“ಅದನ್ನ ಯಾಕಲೇ ನಿನ್ನೆ ಹೇಳ್ಲಿಲ್ಲ?”

“ಹೇಳ್ದೆ ಸಾಹೇಬ್, ಮೂರು ಸಲ ಹೇಳ್ದೆ. ಡಬ್ಬಿ ಮ್ಯಾಲೆ ಶನಿವಾರ ಅಂತ ಮೇಷ್ಟ್ರೇ ಬರ್ದವ್ರೆ. ಸತ್ತೋರ ಅಕ್ಷರ ಬಿಟ್ಟು ನನ್ನ ಮಾತು ಯಾರು ಕೇಳ್ತಾರೆ?”

“ಗುರುವಾರ ಕಂಬಳಿ ಇದ್ವಾ?”

“ಎಲ್ಲಿಂದ ಸಾಹೇಬ್? ಅವತ್ತು ಗೋಡೆ ಬರೀ ಬೋಳು. ಪಾದ್ರಿ ಸಾಹೇಬ್ರು ಒಂದು ಆಮೆನ್ ಅಂದ್ರೆ ನಾಲ್ಕು ಆಮೆನ್ ಕೇಳಿಸ್ತಿತ್ತು. ಅದಕ್ಕೇ ನಾನೇ ಮೇಷ್ಟ್ರಿಗೆ ಹೇಳ್ದೆ, ದೊಡ್ಡ ಸ್ಪೀಕರ್ ಹಾಕಿ ಉಪಯೋಗ ಇಲ್ಲ ಮೇಷ್ಟ್ರೇ, ಕಾಯಿಲೆ ಗೋಡೇಲಿ ಐತೆ, ನಮ್ಮೂರ ಕಂಬಳಿ ತಂದು ತೂಗಾಕ್ರಿ ಅಂತ.”

ಹುಲಿಯಪ್ಪನಿಗೆ ಎದ್ದು ಕುಣಿಯುವಂತಾಯಿತು. ಕುಣಿಯಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಎಂದ ಮೇಲೆ ಒಂದು ಮರ್ಯಾದೆ ಇರುತ್ತದೆ.

ಕಂಬಳಿ ವ್ಯಾಪಾರಿ ಚಿಕ್ಕಬಸಪ್ಪನ ಅಂಗಡಿಯಲ್ಲಿ ಉಣ್ಣೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕಂಬಳಿ ಎಂದು ಬಾಯಿಬಿಟ್ಟಿದ್ದೇ ತಡ, ಚಿಕ್ಕಬಸಪ್ಪ ರೇಗಿಕೊಂಡ.

“ನೀವೇ ಕೇಳ್ರಿ ಹುಲಿಯಪ್ನೋರೇ. ದೇವ್ರ ಕೆಲ್ಸ ಅಂತ ಬಾಡ್ಗೆ ಇಲ್ದೆ ಕೊಟ್ಟೆ. ಶುಕ್ರವಾರ ಸಂಜೆ ಹೋಗಿದ್ದು ಇಪ್ಪತ್ನಾಲ್ಕು. ಭಾನುವಾರ ವಾಪಸ್ ಬಂದಿದ್ದು ಇಪ್ಪತ್ಮೂರು! ಒಂದು ಎಲ್ಲೋಯ್ತು? ಆ ಪ್ರದೀಪಪ್ಪನ್ನ ಕೇಳಿದ್ರೆ, ಎಣಿಸೋದು ನೀವೇ ತಪ್ಪಿದೀರಿ ಅಂತಾನೆ. ನಲವತ್ತು ವರ್ಷದಿಂದ ಕಂಬಳಿ ಎಣಿಸ್ತಾ ಇದೀನಿ ನಾನು!”

“ನಿಮ್ದೇ ಕಂಬಳಿ ಅಂತ ಹೆಂಗೆ ಗುರುತು?”

ಚಿಕ್ಕಬಸಪ್ಪ ಒಂದು ಕಂಬಳಿಯ ಅಂಚು ಮಡಿಸಿ ತೋರಿಸಿದ. ಮೂಲೆಯ ಒಳಬದಿಯಲ್ಲಿ ಕೆಂಪು ನೂಲಿನ ಮೂರು ಹೊಲಿಗೆ. “ನನ್ನ ಅಂಗಡಿ ಬಿಟ್ಟು ಈ ಗುರುತು ಇನ್ನೆಲ್ಲೂ ಸಿಗಲ್ಲ.”

“ಆ ಇಪ್ಪತ್ಮೂರನ್ನೂ ಈಗ್ಲೇ ಒಂದು ಗಾಡೀಲಿ ಹಾಕಿ ಚರ್ಚಿಗೆ ಕಳಿಸ್ರಿ. ಸಂಜೆಯೊಳಗೆ ವಾಪಸ್.”

“ಮತ್ತೆ ಒಂದು ಕಮ್ಮಿಯಾದ್ರೆ?”

“ನಾನೇ ನೇಯ್ದು ಕೊಡ್ತೀನಿ ಕಣ್ರೀ, ಕಳಿಸ್ರಿ!”

ಚರ್ಚಿನ ಬಾಗಿಲಲ್ಲಿ ಬೂಟು ಬಿಚ್ಚಿ ಹುಲಿಯಪ್ಪ ಒಳಗೆ ಹೋದಾಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ದಪ್ಪ ಕಲ್ಲಿನ ಗೋಡೆ, ಎತ್ತರದ ತಗಡಿನ ಸೂರು. ಚರ್ಚಿಗೆ ಕಸ ಹೊಡೆಯುವ ಸೂರಮ್ಮ ಏಣಿ ಹಿಡಿದುಕೊಂಡಳು. ಗಾಡಿಯವನು ಹತ್ತಿ ಒಂದೊಂದೇ ಕಂಬಳಿಯನ್ನು ಕೊಕ್ಕೆಗೆ ಸಿಕ್ಕಿಸಿದ.

“ಶನಿವಾರ ಎಲ್ಲೆಲ್ಲಿ ಇದ್ವೋ ಅಲ್ಲಲ್ಲೇ ಹಾಕಿಸವ್ವ.”

“ಹೂಂ ಕಣಪ್ಪ, ನಂಗೆ ಗೊತ್ತಿಲ್ವಾ. ನಾನೇ ಕಟ್ಸಿದ್ದು, ಭಾನುವಾರ ಹೊತ್ತಾರೆ ನಾನೇ ಬಿಚ್ಚಿಸಿದ್ದು.”

ಇಪ್ಪತ್ಮೂರು ಮುಗಿಯಿತು. ಒಂದು ಕೊಕ್ಕೆ ಬೋಳಾಗಿ ಉಳಿಯಿತು. ಅಟ್ಟದ ಮೆಟ್ಟಿಲ ಪಕ್ಕದ್ದು.

“ಭಾನುವಾರ ಬಿಚ್ಚೋವಾಗ ಇಲ್ಲಿ ಕಂಬಳಿ ಇತ್ತೇನವ್ವ?”

ಸೂರಮ್ಮ ಕೊಕ್ಕೆಯನ್ನು ನೋಡಿದಳು, ಹುಲಿಯಪ್ಪನನ್ನು ನೋಡಿದಳು. “ಅಯ್ಯೋ ಶಿವನೇ... ಅಲ್ಲಲ್ಲ, ಅಯ್ಯೋ ಯೇಸಪ್ಪಾ! ಇರ್ಲಿಲ್ಲ ಕಣಪ್ಪ. ಮೇಷ್ಟ್ರು ಹೋದ ದುಃಖದಾಗೆ ನಾನು ಲೆಕ್ಕಾನೇ ಹಿಡೀಲಿಲ್ಲ.”

“ಏನು ಸಾರ್, ಮತ್ತೆ ಅಲಂಕಾರ ಶುರುವಾಗಿದೆ?”

ಮಾತು ಬಂದ ದಿಕ್ಕು ಹುಲಿಯಪ್ಪನಿಗೆ ತಿಳಿಯಲಿಲ್ಲ. ಒಂಟಿ ಕಿವಿಯ ಇನ್ನೊಂದು ತಾಪತ್ರಯ ಅದು. ಸುತ್ತ ನೋಡಿದಾಗ ಪ್ರದೀಪ್ ಉಪದೇಶದ ಪೀಠದ ಬಳಿ ನಿಂತಿದ್ದ. ಮೂವತ್ತೈದರ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ನಯವಾದ ಮಾತು.

“ಬನ್ನಿ ಕಾರ್ಯದರ್ಶಿಗಳೇ,” ಎಂದ ಹುಲಿಯಪ್ಪ. “ಅಲ್ಲೇ ನಿಂತು ಬೈಬಲ್ಲಿಂದ ನಾಲ್ಕು ಸಾಲು ಓದ್ರಿ. ಗಟ್ಟಿಯಾಗಿ.”

ಪ್ರದೀಪ್ ನಕ್ಕು ಓದಿದ. ಕೊನೆಯ ಬೆಂಚಿಗೂ ಮಾತು ಸ್ವಚ್ಛವಾಗಿ ಬಂತು. ಬಾಲವಿಲ್ಲ, ಗದ್ದಲವಿಲ್ಲ. ಉಣ್ಣೆ ಎಲ್ಲವನ್ನೂ ನುಂಗಿಕೊಂಡಿತ್ತು.

ಹುಲಿಯಪ್ಪ ಮುಂದೆ ಬಂದು ಮೊದಲ ಬೆಂಚಿನಲ್ಲಿ ಕೂತ. “ಶನಿವಾರ ಇಲ್ಲಿ ಮಾತಾಡಿದ್ದೆಲ್ಲ ಹಿಂಗೇ ಕೇಳ್ತಿತ್ತು. ನಾನೇ ಕೂತು ಕೇಳಿದೀನಿ. ನೀವು ಕೊಟ್ಟ ಕ್ಯಾಸೆಟ್ಟಿನಾಗೆ ಮೇಷ್ಟ್ರು ಬಾವಿಯೊಳಗಿಂದ ಕೂಗ್ದಂಗೆ ಐತೆ. ಅದು ಶನಿವಾರದ್ದಲ್ಲ. ಕಂಬಳಿ ಇಲ್ಲದ ಗುರುವಾರದ್ದು.”

ಪ್ರದೀಪನ ಮುಖದಲ್ಲಿ ಒಂದು ಕ್ಷಣ ಏನೂ ಇರಲಿಲ್ಲ. ಆಮೇಲೆ ನಗು ವಾಪಸ್ ಬಂತು.

“ಅಷ್ಟೇನಾ ಸಾರ್? ಅದು ಹನುಮಣ್ಣನ ಎಕೋ ಮಷೀನು.”

ಚರ್ಚಿಗೆ ಮೈಕ್ ಸೆಟ್ ಕೊಡಲು ದಾದಾಪೀರನಿಗೆ ಪೈಪೋಟಿಯಾಗಿ ಬಂದ ಎರಡನೆಯ ಪಾರ್ಟಿ ರಾಂಪುರದ ಹನುಮಣ್ಣ. ಶನಿವಾರ ಇಬ್ಬರ ಸೆಟ್ಟನ್ನೂ ಹಾಕಿ ನೋಡಿದ್ದರು. ಅವನದು ಬೀರುವಿನಷ್ಟು ದೊಡ್ಡ ಎರಡು ಸ್ಪೀಕರು, ಜೊತೆಗೆ ಮಾತಿಗೆ ಬಾಲ ಹಚ್ಚುವ ಎಕೋ ಮಷೀನು. ಮೊದಲೇ ನಾಲ್ಕು ಆಮೆನ್ ಕೇಳಿಸುವ ಚರ್ಚಿಗೆ ಅದನ್ನು ಹಚ್ಚಿದರೆ ಹದಿನಾರು ಆಮೆನ್! ಆದರೂ ಪ್ರದೀಪನಿಗೆ ಅದೇ ಬೇಕಿತ್ತು. ಯುವಕರಿಗೆ ಹಿಡಿಸುತ್ತದೆ, ಹಾಡಿಗೆ ಕಳೆ ಬರುತ್ತದೆ ಎಂದು ಸಭೆಯಲ್ಲಿ ವಾದ ಮಾಡಿದ್ದ, ಹನುಮಣ್ಣನಿಗೆ ಮಾತನ್ನೂ ಕೊಟ್ಟುಬಿಟ್ಟಿದ್ದ. ಆದರೆ ಯಾರ ಸೆಟ್ ಎಂಬುದರಲ್ಲಿ ಕೊನೆಯ ಮಾತು ಯರ್ರಪ್ಪ ಮೇಷ್ಟ್ರದು ಎಂದು ಸಭೆ ತೀರ್ಮಾನಿಸಿತ್ತು.

“ಎಕೋ ಮಷೀನು,” ಎಂದ ಹುಲಿಯಪ್ಪ ನಿಧಾನವಾಗಿ.

“ಹೌದು ಸಾರ್. ಶನಿವಾರ ಅದು ಆನ್ ಆಗೇ ಇತ್ತು. ಮೇಷ್ಟ್ರು ಕೂಗಿದ್ದು ಮೈಕಿಗೆ ಬಿದ್ದಿದೆ, ಮಷೀನು ಬಾಲ ಹಚ್ಚಿದೆ. ರೆಕಾರ್ಡ್ ಆಗಿದೆ. ಇದರಲ್ಲಿ ಕಂಬಳಿ ಏನು ಮಾಡುತ್ತೆ?”

ಹುಲಿಯಪ್ಪ ತನ್ನ ಬರಿಗಾಲುಗಳನ್ನೇ ನೋಡುತ್ತ ಕೂತ. ಮಾತು ಒಪ್ಪುವಂತೆಯೇ ಇತ್ತು. ಒಪ್ಪಿದರೆ ದಾದಾಪೀರ್ ಮುಳುಗಿದ.

“ಮೇಷ್ಟ್ರು ಬಿದ್ದಿದ್ದು ಎಷ್ಟೊತ್ತಿಗೆ?”

“ನಾಲ್ಕಕ್ಕೆ. ನಾವೆಲ್ಲ ಹಿಂದೆ ಶಾಲೆ ಜಗಲಿಯಲ್ಲಿ ಟೀ ಕುಡೀತಾ ಇದ್ವಿ. ಒಳಗೆ ದಾದಾಪೀರ್ ಒಬ್ನೇ ವೈರ್ ಸುತ್ತುತಾ ಇದ್ದ.”

“ಹನುಮಣ್ಣನ ವ್ಯಾನು ಹೊರಟಿದ್ದು?”

ಪ್ರದೀಪ್ ಬೈಬಲ್ಲಿನ ಹಾಳೆ ತಿರುವಿದ.

“ಮೂರೂವರೆಗೆ,” ಎಂದ ಹುಲಿಯಪ್ಪ. “ನನ್ನ ಸೈಕಲ್ಲು ಅಡ್ಡ ಇತ್ತು. ಆ ಹನುಮಣ್ಣ ಹಾರನ್ ಹೊಡೆದೂ ಹೊಡೆದೂ ಸಾಕಾಗಿ ಇಳಿದು ಬಂದು ನನ್ನ ಭುಜ ಹಿಡಿದು ಅಲ್ಲಾಡಿಸಿದ. ಸ್ಪೀಕರು, ಮಷೀನು ಎಲ್ಲ ವ್ಯಾನಿನಾಗೆ ಪ್ಯಾಕಾಗಿದ್ವು, ಕಣ್ಣಾರೆ ಕಂಡೆ. ನಾಲ್ಕಕ್ಕೆ ಬಾಲ ಹಚ್ಚಿದ್ದು ಯಾವ ಮಷೀನು ಪ್ರದೀಪಪ್ಪ?”

ಒಂದು ಕಂಬಳಿ ಗಾಳಿಗೆ ಅಲುಗಾಡಿತು. ಏಣಿಯ ಬಳಿ ನಿಂತ ಸೂರಮ್ಮ ಇತ್ತಲೇ ನೋಡುತ್ತಿದ್ದಳು.

ಪ್ರದೀಪ್ ಬೈಬಲ್ಲು ಮುಚ್ಚಿದ.

“ನೋಡಿ ಸಾರ್, ರೆಕಾರ್ಡರಿನಲ್ಲಿ ಸಿಕ್ಕಿದ್ದನ್ನ ತಂದುಕೊಟ್ಟೆ, ಅಷ್ಟೆ. ಶನಿವಾರ ಸಂಜೆಯಿಂದ ಸೋಮವಾರದವರೆಗೆ ಇಲ್ಲಿಗೆ ನೂರು ಜನ ಬಂದು ಹೋಗಿದಾರೆ. ಯಾರು ಯಾವ ಡಬ್ಬೀಲಿ ಯಾವ ಕ್ಯಾಸೆಟ್ ಇಟ್ರೋ ನನಗೇನು ಗೊತ್ತು? ಇಷ್ಟಕ್ಕೂ ನಿಮ್ಮ ಕಿವಿಗೆ ಹಾಗೆ ಅನ್ನಿಸ್ತು ಅಂದ ಮಾತ್ರಕ್ಕೆ ಕೋರ್ಟು ಒಪ್ಪುತ್ತಾ?”

ಇದು ಮಾತ್ರ ನೇರವಾಗಿ ತಾಗಿತು. ಒಪ್ಪುವುದಿಲ್ಲ. ಅದೂ ಯಾರ ಕಿವಿ, ಎಂಥ ಕಿವಿ ಎಂದು ವಕೀಲರು ಕೆದಕಿದರೆ ಹುಲಿಯಪ್ಪನ ಬಂಡವಾಳವೇ ಬಯಲಾಗುತ್ತದೆ.

“ಶನಿವಾರದ ಅಸಲಿ ಕ್ಯಾಸೆಟ್ಟು ಸಿಕ್ಕಿದ್ರೆ ಒಪ್ತಾರಲ್ಲ?” ಎಂದ.

“ಸಿಕ್ಕರೆ,” ಎಂದ ಪ್ರದೀಪ್.

“ಅಯ್ಯೋ, ಅದೇನು ಸಿಕ್ಕೋದು, ಟ್ರಂಕಿನಾಗೇ ಐತಲ್ಲಪ್ಪ!” ಎಂದಳು ಸೂರಮ್ಮ. ಇಬ್ಬರೂ ಒಟ್ಟಿಗೇ ತಿರುಗಿದರು. “ಹಾಡು, ಓದು ಎಲ್ಲ ಮುಗಿದ ಮ್ಯಾಲೆ ಮೇಷ್ಟ್ರು ರೇಡಿಯೋದಿಂದ ಕ್ಯಾಸೆಟ್ ತೆಗ್ದು, ಹಿಂದ್ಗಡೆ ಅವ್ರ ರೂಮಿನಾಗೆ ಟ್ರಂಕಿಗಿಟ್ಟು ಬೀಗ ಹಾಕಿದ್ರು. ಬಾಗ್ಲಾಗೆ ನಾನೇ ನಿಂತಿದ್ದೆ. ‘ಡಬ್ಬಿ ಅಲ್ಲೇ ಉಳೀತು ಸೂರಮ್ಮ, ತರ್ತೀನಿ ಇರು’ ಅಂತ ಒಳಕ್ಕೋದ್ರು. ಹೋದೋರು ಮತ್ತೆ ಬರ್ಲೇ ಇಲ್ಲ...” ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮೇಷ್ಟ್ರು ಖಾಲಿ ಡಬ್ಬಿ ತರಲು ಒಳಗೆ ಬಂದಿದ್ದರು. ಖಾಲಿ ಡಬ್ಬಿಗೆ ಯಾರೋ ಗುರುವಾರದ ಕ್ಯಾಸೆಟ್ಟು ತುಂಬಿದ್ದರು. ಶನಿವಾರದ್ದು ಟ್ರಂಕ್ ಬಿಟ್ಟು ಕದಲಿಲ್ಲ. ಟ್ರಂಕಿನ ಬೀಗದ ಕೈ ಮೇಷ್ಟ್ರ ಉಡಿದಾರದಲ್ಲಿತ್ತು, ಈಗ ಸ್ಟೇಷನ್ನಿನ ಬೀರುವಿನಲ್ಲಿದೆ. ಇನ್ಸ್‌ಪೆಕ್ಟರು ಚಿತ್ರದುರ್ಗದ ಮೀಟಿಂಗು ಮುಗಿಸಿ ಬಂದ ಕೂಡಲೇ, ಪಂಚರ ಮುಂದೆ ಬೀಗ ತೆಗೆಸಿದರೆ ಸಾಕು. ದಾದಾಪೀರ್ ಐದರೊಳಗೆ ಮನೆಗೆ.

ಹೊರಡುವಾಗ ಪ್ರದೀಪ್ ಮರ್ಯಾದೆಯಿಂದ ಬಾಗಿಲವರೆಗೆ ಬಂದ. ಹುಲಿಯಪ್ಪ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದ. ಮನಸ್ಸೆಲ್ಲ ಟ್ರಂಕಿನಲ್ಲಿತ್ತು. ಎಡಗಡೆ ನಿಂತ ಪ್ರದೀಪ್ ಏನೋ ಅಂದ. ಹುಲಿಯಪ್ಪ ದಾರ ಬಿಗಿಯುತ್ತಲೇ ತಲೆಯಾಡಿಸಿದ.

ದಾರಿಯಲ್ಲಿ ದಾದಾಪೀರನ ಅಂಗಡಿಗೆ ಹೋಗಿ ನೋಡಿದ. ಮೂಲೆಯೊಡೆದ ಸ್ಪೀಕರ್ ಪೆಟ್ಟಿಗೆ ಅವನು ಹೇಳಿದಂತೆಯೇ ಅಲ್ಲಿತ್ತು. ಒಡೆದ ಜಾಗದಲ್ಲಿ ಚರ್ಚಿನ ಗೋಡೆಯ ಸುಣ್ಣವೂ ಮೆತ್ತಿತ್ತು. ಪೆಟ್ಟಿಗೆಯನ್ನು ಆಟೋದಲ್ಲಿ ಹೇರಿಕೊಂಡು ಸ್ಟೇಷನ್ನಿಗೆ ಬಂದು, ಇನ್ಸ್‌ಪೆಕ್ಟರಿಗಾಗಿ ಕಾದ. ಎರಡಾಯಿತು, ಮೂರಾಯಿತು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಅವನಿಗೆ ತಡೆಯಲಾಗಲಿಲ್ಲ. ದಾದಾಪೀರನಿಗಾದರೂ ಸಮಾಧಾನ ಹೇಳೋಣ ಎಂದು ಲಾಕಪ್ಪಿನ ಬಳಿ ಹೋದ. ಕುಲ್ಸುಮ್ ಬೀ ಬೆಳಗಿನಿಂದ ಅಲ್ಲೇ ಜಗಲಿಯ ಮೇಲೆ ಕೂತಿದ್ದಳು.

“ಎದ್ದೇಳೋ ಮಾರಾಯ,” ಎಂದ ಹುಲಿಯಪ್ಪ. “ನಿನ್ನ ಕಂಬಳಿ ನಿನ್ನ ಉಳಿಸ್ತು ಕಣಲೇ.”

ದಾದಾಪೀರ್ ಗಡಬಡಿಸಿ ಎದ್ದ. ಹೊದ್ದಿದ್ದ ಕಂಬಳಿ ಜಾರಿ ಸರಳಿನ ಪಕ್ಕ ಬಿತ್ತು. ಅದರ ಮೂಲೆ ಮಗುಚಿಕೊಂಡಿತು.

ಮೂರು ಹೊಲಿಗೆ. ಕೆಂಪು ನೂಲು.

ಹುಲಿಯಪ್ಪ ಸರಳಿನೊಳಗೆ ಕೈ ಹಾಕಿ ಕಂಬಳಿಯನ್ನು ಎಳೆದುಕೊಂಡ. ಕರಿ ಉಣ್ಣೆ. ಕಣ್ಣಿಗೇನೂ ಕಾಣಲಿಲ್ಲ. ಬೆರಳಾಡಿಸಿದಾಗ ಒಂದು ಕಡೆ ಗೇಣಗಲ ಗಂಜಿ ಹಾಕಿ ಒಣಗಿಸಿದಂತೆ ಗಡುಸಾಗಿತ್ತು. ಉಗುರಿನಿಂದ ಕೆರೆದ. ಕಂದು ಬಣ್ಣದ ಪುಡಿ ಉದುರಿತು.

ಇಪ್ಪತ್ನಾಲ್ಕನೆಯ ಕಂಬಳಿ!

“ಕುಲ್ಸುಮವ್ವಾ, ಈ ಕಂಬಳಿ ಎಲ್ಲಿತ್ತು?” ಎಂದು ಹುಲಿಯಪ್ಪ ಕೇಳಿದ.

“ನಮ್ಮ ಮನೇಲಿ ಕಂಬಳಿ ಎಲ್ಲಿ ಸಾಹೇಬ್? ನಾವು ರಜಾಯಿ ಹೊದಿಯೋ ಮಂದಿ. ಬೆಳಿಗ್ಗೆ ಗೇಟಿನಾಗೆ ಆ ಚರ್ಚಿನ ಪ್ರದೀಪ್ ಸಾಹೇಬ್ರು ಕೊಟ್ರು. ಹುಲಿಯಪ್ನೋರು ಕೊಡ್ಸಿದ್ದು ತಗೋಳಮ್ಮ ಅಂದ್ರು. ನಂಗೆ ನಂಬ್ಕೆ ಬರ್ಲಿ ಅಂತ ನಿಮ್ಮ ಪಕ್ಕಕ್ಕೇ ಬಂದು, ‘ಕಂಬಳಿ ಕೊಟ್ಟಿದೀನಿ ಸಾರ್’ ಅಂದ್ರಲ್ಲ? ನೀವು ತಲೆ ಆಡ್ಸಿದ್ರಿ.”

ನಾಳೆ ಕೇಳಿದರೆ ಪ್ರದೀಪ್ ಖಂಡಿತ ‘ನಾನು ಕೊಟ್ಟೇ ಇಲ್ಲ’ ಎನ್ನುತ್ತಾನೆ. ರಕ್ತದ ಕಂಬಳಿ ಆರೋಪಿಯ ಹೆಂಡತಿಯ ತೋಳಿನ ಮೇಲೆ ಬಂದದ್ದನ್ನು ಹತ್ತು ಹನ್ನೆರಡು ಜನ ನೋಡಿದ್ದಾರೆ. ಪ್ರದೀಪ್ ಆಡಿದ ಮಾತಿಗೆ ಕುಲ್ಸುಮ್ ಬೀ ಬಿಟ್ಟರೆ ಒಂದೇ ಸಾಕ್ಷಿ: ಹುಲಿಯಪ್ಪನ ಸತ್ತ ಕಿವಿ.

ಹೊರಗೆ ಜೀಪು ನಿಂತಿತು. ಇನ್ಸ್‌ಪೆಕ್ಟರು ಟೋಪಿ ತೆಗೆಯುತ್ತ ಒಳಗೆ ಬಂದರು. ಹುಲಿಯಪ್ಪನಿಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವರು, ಚುರುಕು ಕಣ್ಣು. ಕಂಬಳಿಯನ್ನು ನೋಡಿದರು, ಹುಲಿಯಪ್ಪನ ಉಗುರಿನಲ್ಲಿದ್ದ ಕಂದು ಪುಡಿಯನ್ನೂ ನೋಡಿದರು.

“ಏನ್ರೀ ಇದು? ರಕ್ತಾನಾ? ಯಾರು ಒಳಗೆ ಬಿಟ್ಟಿದ್ದು?”

ಪೇದೆ ನೆಲ ನೋಡಿದ. ಕುಲ್ಸುಮ್ ಬೀ ಹುಲಿಯಪ್ಪನನ್ನು ನೋಡಿದಳು. ಸರಳಿನ ಹಿಂದಿನಿಂದ ದಾದಾಪೀರನೂ ಅವನನ್ನೇ ನೋಡಿದ.

‘ಗೊತ್ತಿಲ್ಲ ಸಾರ್’ ಎಂದರೆ ಮುಗಿಯಿತು. ಒಂಬತ್ತು ತಿಂಗಳು ಆರಾಮ. ಗಂಡ ಹೆಂಡತಿ ಇಬ್ಬರೂ ಜೈಲಿಗೆ.

“ನಾನು ಸಾರ್,” ಎಂದ ಹುಲಿಯಪ್ಪ. “ಪ್ರದೀಪ್ ಹೇಳಿದ್ದಕ್ಕೆ ತಲೆ ಆಡಿಸಿದೆ. ಏನು ಹೇಳಿದ ಅಂತ ನಂಗೆ ಕೇಳಿಸ್ಲಿಲ್ಲ. ನನ್ನ ಎಡಗಿವಿ ಹತ್ತು ವರ್ಷದಿಂದ ಕೇಳ್ಸಲ್ಲ ಸಾರ್. ಇಲಾಖೆಗೆ ಮುಚ್ಚಿಟ್ಟಿದ್ದೆ. ಶನಿವಾರ ಹನುಮಣ್ಣನ ವ್ಯಾನಿನ ಹಾರನ್ ನಂಗೆ ಕೇಳಿಸದಿದ್ದಾಗ್ಲೇ ಅದು ಆ ಪ್ರದೀಪನಿಗೆ ಗೊತ್ತಾಗಿರ್ಬೇಕು.” ಒಂದೇ ಉಸಿರಿಗೆ ಅಂದುಬಿಟ್ಟ. ಆಮೇಲೆ ಎಕೋ ಮಷೀನು, ಗುರುವಾರದ ಕ್ಯಾಸೆಟ್ಟು, ಟ್ರಂಕು, ಎಲ್ಲವನ್ನೂ ಹೇಳಿದ. “ನನ್ನ ಕೆಲ್ಸ ಹೋದ್ರೆ ಹೋಗ್ಲಿ ಸಾರ್. ಬೀಗದ ಕೈ ಬೀರುವಿನಾಗೈತೆ. ಈಗ್ಲೇ ಚರ್ಚಿಗೆ ಹೋಗಿ ಟ್ರಂಕು ತೆಗ್ಸಿದ್ರೆ ಇವನು ಉಳೀತಾನೆ.”

ಇನ್ಸ್‌ಪೆಕ್ಟರು ಬೈಯಲಿಲ್ಲ. ಅವರ ಮುಖದ ಬಣ್ಣ ಮಾತ್ರ ಇಳಿಯಿತು.

“ಹುಲಿಯಪ್ಪನೋರೇ, ಮಧ್ಯಾಹ್ನ ಅವನು ಮತ್ತೇನಾದ್ರೂ ಕೇಳಿದ್ನಾ ನಿಮ್ಮನ್ನ?”

ಚರ್ಚಿನ ಬಾಗಿಲು. ಬೂಟಿನ ದಾರ. ಎಡಗಡೆ ನಿಂತ ಬಿಳಿ ಅಂಗಿ.

“ಏನೋ ಅಂದ ಸಾರ್...”

“ಬರ್ತಾ ಬಸ್ ಸ್ಟ್ಯಾಂಡಿನಲ್ಲಿ ಅವನನ್ನ ನೋಡ್ದೆ,” ಎಂದರು ಇನ್ಸ್‌ಪೆಕ್ಟರು. “ರಾಯದುರ್ಗದ ಬಸ್ಸಿನ ಮೇಲೆ ಒಂದು ಟ್ರಂಕು ಏರಿಸ್ತಾ ಇದ್ದ. ಮೇಷ್ಟ್ರ ಸಾಮಾನು ಮೊಳಕಾಲ್ಮೂರಿಗೆ, ಅವರ ಮನೆಯವರಿಗೆ ತಲುಪಿಸ್ತೀನಿ ಅಂದ. ಯಾರನ್ನ ಕೇಳಿ ತಗೊಂಡೆ ಅಂದ್ರೆ, ಹುಲಿಯಪ್ಪನೋರೇ ತಲೆ ಆಡಿಸಿದಾರೆ ಸಾರ್ ಅಂದ. ನೀವೇ ಹೇಳಿದ ಮೇಲೆ ಇನ್ನೇನು ಅಂತ, ನಾನೂ ಹೂಂ ಅಂದು ಬಂದೆ.”

ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು. ಮೊಳಕಾಲ್ಮೂರು ದಾಟಿದರೆ ಆಂಧ್ರದ ಗಡಿ. ಇತ್ತ ಕೋರ್ಟಿಗೆ ಇನ್ನು ಒಂದೇ ಗಂಟೆ. ಸರಳಿನ ಹಿಂದಿನಿಂದ ದಾದಾಪೀರ್ ಏನೋ ಕೇಳಿದ. ಹುಲಿಯಪ್ಪನಿಗೆ ಕೇಳಿಸಲಿಲ್ಲ, ತಲೆಯಾಡಿಸಲು ಧೈರ್ಯವಾಗಲಿಲ್ಲ.